ಹೂಮಳೆ ಬಿದ್ದ ಒಂಬತ್ತನೇ ದಿನ: ಮಲೆನಾಡಿನ ಕಾಫಿ ಹಳ್ಳಿಗೆ ಹೋಗಿಬರುವ ಬಗೆ

“ಕಾಫಿ ಹೂವು ನೋಡ್ಬೇಕು, ಯಾವ ತಾರೀಕಿಗೆ ಬರೋಣ?”

ಪ್ರತಿವರ್ಷ ಫೆಬ್ರವರಿ ಮುಗಿಯುತ್ತಾ ಬಂದ ಹಾಗೆ ಹಾಸನದ ನಮ್ಮ ಆಫೀಸಿನವರೂ ಬೆಂಗಳೂರಿನ ಸ್ನೇಹಿತರೂ ಕೇಳುವ ಪ್ರಶ್ನೆ ಇದು. ನನ್ನ ಉತ್ತರವೂ ಪ್ರತಿವರ್ಷ ಒಂದೇ. ಮಳೆ ಬಿದ್ದ ರಾತ್ರಿ ಫೋನ್ ಮಾಡುತ್ತೇನೆ, ಅಲ್ಲಿಂದ ಒಂಬತ್ತು ದಿನ ಎಣಿಸಿಕೊಂಡು ಹೊರಡಿ.

ನಮ್ಮೂರು ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆ. ಮೂವತ್ತು ಚಿಲ್ಲರೆ ಮನೆ, ಒಂದು ದೇವಸ್ಥಾನ, ಒಂದು ಶಾಲೆ, ಸುತ್ತ ತೋಟ, ತೋಟದ ಕೆಳಗೆ ಗದ್ದೆ. ಅಣ್ಣ ಅತ್ತಿಗೆ ತೋಟ ನೋಡಿಕೊಳ್ಳುತ್ತಾರೆ, ನಾನು ವಾರದ ಕೊನೆಗೆ ಹೋಗಿಬರುತ್ತೇನೆ. ಬಹಳ ವರ್ಷದಿಂದ ಪೇಟೆಯ ನೆಂಟರಿಷ್ಟರನ್ನು ಕರೆದುಕೊಂಡು ಹೋಗಿದ್ದೇನೆ. ಖುಷಿಯಿಂದ ಮರಳಿದವರೂ ಇದ್ದಾರೆ, “ಅಲ್ಲೇನೂ ಇಲ್ಲ” ಅಂದುಕೊಂಡು ಮರಳಿದವರೂ ಇದ್ದಾರೆ. ಮೊದಲನೆಯವರು ಊರಿನ ಕೆಲಸದ ಹೊತ್ತಿಗೆ ತಮ್ಮ ಹೊತ್ತನ್ನು ಹೊಂದಿಸಿಕೊಂಡಿದ್ದರು. ಎರಡನೆಯವರು ತಮ್ಮ ಎರಡು ದಿನದ ರಜೆಗೆ ಊರು ಹೊಂದಿಕೊಳ್ಳಲಿ ಎಂದು ಕಾದಿದ್ದರು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಯಾವ ಕಾಫಿ ಹಳ್ಳಿಗೆ ಹೋಗುವುದಾದರೂ ಇದೊಂದನ್ನು ಹಿಡಿದುಕೊಂಡರೆ ಮಿಕ್ಕಿದ್ದೆಲ್ಲ ಸುಲಭ.

ಮೊದಲು ಕಾಲ ಗೊತ್ತುಮಾಡಿಕೊಳ್ಳಿ

ಹೂವಿನ ಕಾಲ ಮಾರ್ಚ್–ಏಪ್ರಿಲ್. ಚಳಿಗಾಲ ಕಳೆದು ಬಿಸಿಲಿಗೆ ಬಾಡಿದ ಗಿಡದ ಗಣ್ಣುಗಣ್ಣಿನಲ್ಲೂ ಮೊಗ್ಗು ಕಾದಿರುತ್ತದೆ. ಒಂದು ಇಂಚಿನಷ್ಟು ಮಳೆ ಬಿದ್ದರೆ ಸಾಕು, ಮೊಗ್ಗು ಉಬ್ಬಲು ಶುರುವಾಗಿ ಎಂಟರಿಂದ ಹತ್ತು ದಿನದೊಳಗೆ ಒಂದು ಬೆಳಗ್ಗೆ ಇಡೀ ತೋಟ ಬೆಳ್ಳಗಾಗಿರುತ್ತದೆ. ಮಲ್ಲಿಗೆಗೆ ಹತ್ತಿರದ ಕಂಪು, ಕಿವಿ ತುಂಬ ಜೇನುಹುಳದ ಸದ್ದು. ಇಷ್ಟೂ ಎರಡು ಮೂರು ದಿನದ ಸಂಭ್ರಮ. ಆಮೇಲೆ ಹೂವು ಕಂದಿ ಉದುರುತ್ತದೆ. ಆದ್ದರಿಂದ ಹೂವಿಗಾಗಿ ತಿಂಗಳ ಮುಂಚೆ ರೂಮು ಹಿಡಿಯಬೇಡಿ. ಊರಿನವರೊಬ್ಬರ ನಂಬರ್ ಇಟ್ಟುಕೊಂಡು ಹೂಮಳೆಯ ಸುದ್ದಿಗೆ ಕಾಯಿರಿ. ರಜೆ ಸುಲಭಕ್ಕೆ ಸಿಗದವರಿಗೆ ಒಂದು ದಾರಿ ಇದೆ. ರೊಬಸ್ಟಾ ಜಾತಿಯ ಕಾಫಿ ಬೆಳೆಯುವವರಲ್ಲಿ ಬಹಳ ಜನ ಮಳೆಗೆ ಕಾಯದೆ ಸ್ಪ್ರಿಂಕ್ಲರ್‌ನಲ್ಲಿ ನೀರು ಕೊಡುತ್ತಾರೆ. ನೀರು ಕೊಡುವ ದಿನ ಅವರ ಕೈಯಲ್ಲೇ ಇರುವುದರಿಂದ ಹೂವಿನ ದಿನವನ್ನೂ ಹೆಚ್ಚುಕಡಿಮೆ ಹೇಳಬಲ್ಲರು.

ಮಳೆಯ ಸುದ್ದಿ ಕೇಳುವಾಗ ಭಾಷೆ ತಿಳಿದಿರಲಿ. ತೋಟದವರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. “ನಿನ್ನೆ ಒಂದು ಇಂಚು ಇಪ್ಪತ್ತು ಸೆಂಟು ಬಂತು” ಅಂದರೆ ಹೂವಿಗೆ ಧಾರಾಳ ಆಯಿತು. ನೂರು ಸೆಂಟಿಗೆ ಒಂದು ಇಂಚು. ನಮ್ಮ ಅಂಗಳದ ಮೂಲೆಯಲ್ಲಿ ಮಳೆ ಅಳೆಯುವ ಮಾಪಕ ಇದೆ. ದಿನಾ ಬೆಳಗ್ಗೆ ಅಣ್ಣ ಅದನ್ನು ಅಳೆದು ಪುಸ್ತಕಕ್ಕೆ ಬರೆಯುತ್ತಾನೆ, ಅವನಿಗೆ ಮುಂಚೆ ಅಪ್ಪ ಬರೆಯುತ್ತಿದ್ದರು. ನೀವು ಉಳಿಯುವ ಮನೆಯಲ್ಲೂ ಅಂಥ ಪುಸ್ತಕ ಇರಬಹುದು, ಕೇಳಿ ನೋಡಿ. ಮಳೆ ಬಿದ್ದ ಅಂಕಿಯ ಪಕ್ಕದಲ್ಲೇ “ಕೊಟ್ಟಿಗೆ ಹಂಚು ಹಾರಿತು”, “ಗೌರಿ ಕರು ಹಾಕಿತು” ಎಂದು ಬರೆದಿರುವ ಹಳೇ ಪುಟಗಳನ್ನು ತಿರುವಿದರೆ ಆ ಮನೆಯ ಕಥೆಯೇ ಸಿಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಮಳೆ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಗದ್ದೆಯಲ್ಲಿ ನಾಟಿ, ಅಡುಗೆಮನೆಯಲ್ಲಿ ಕಳಲೆ, ಹಂಡೆ ಒಲೆಯ ಮುಂದೆ ಒಣಗಲು ಹರಡಿದ ಬಟ್ಟೆ. ಆದರೆ ಕರೆಂಟು ದಿನಗಟ್ಟಲೆ ಹೋಗುತ್ತದೆ, ಫೋನಿಗೆ ಸಿಗ್ನಲ್ ಇರುವುದಿಲ್ಲ, ದಾರಿಗೆ ಮರ ಬೀಳುತ್ತದೆ. 2024ರ ಜುಲೈಯಲ್ಲಿ ಸಕಲೇಶಪುರದ ಘಾಟಿಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ರೈಲುಗಳೇ ನಿಂತುಹೋಗಿದ್ದವು. ಜಿಲ್ಲಾಡಳಿತ ರೆಡ್ ಅಲರ್ಟ್ ಕೊಟ್ಟಿದ್ದರೆ ಹೊರಡಲೇಬೇಡಿ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳು ಗುಡ್ಡ ಕುಸಿದು ಮನೆ, ಗದ್ದೆ ಕಳೆದುಕೊಂಡವು. ಅಂಥ ಜಾಗಕ್ಕೆ ಕ್ಯಾಮೆರಾ ಹಿಡಿದು ಹೋಗುವುದು ಬೇಡ.

ಡಿಸೆಂಬರ್‌ನಿಂದ ಫೆಬ್ರವರಿ ಕುಯ್ಲಿನ ಕಾಲ. ಅರೇಬಿಕಾ ಹಣ್ಣು ನವೆಂಬರ್‌ನಲ್ಲೇ ಕೆಂಪಾಗಿ ಜನವರಿಗೆ ಮುಗಿಯುತ್ತದೆ, ರೊಬಸ್ಟಾ ಅದರ ಹಿಂದೆ ಬರುತ್ತದೆ. ಮೆಣಸಿನ ಕುಯ್ಲೂ ಇದೇ ಹೊತ್ತಿಗೆ ಶುರುವಾಗಿ ಮಾರ್ಚ್‌ವರೆಗೂ ಎಳೆಯುತ್ತದೆ. ಕೆಲಸ ಕಣ್ಣಾರೆ ನೋಡಬೇಕು ಅನ್ನುವವರಿಗೆ ಇದೇ ಕಾಲ ಸರಿ. ಆದರೆ ಮನೆಯವರಿಗೆ ಉಸಿರಾಡಲು ಬಿಡುವಿರುವುದಿಲ್ಲ. ಒಂದು ರಾತ್ರಿಗೆ ಬನ್ನಿ, ಕೊಟ್ಟ ಊಟ ಉಂಡು, ಕೆಲಸ ನೋಡಿ ಹೊರಡಿ. ನಾಲ್ಕು ದಿನ ಠಿಕಾಣಿ ಹೂಡುವವರು ಅಕ್ಟೋಬರ್ ಕೊನೆಗೋ ನವೆಂಬರ್ ಶುರುವಿಗೋ ಬರಬೇಕು. ಆಗ ಮಳೆ ನಿಂತಿರುತ್ತದೆ, ಹಸಿರು ಇನ್ನೂ ಇರುತ್ತದೆ, ಮನೆಯವರಿಗೆ ಜಗಲಿಯಲ್ಲಿ ಕೂತು ಮಾತಾಡಲು ಪುರುಸೊತ್ತಿರುತ್ತದೆ.

ಇನ್ನೊಂದು ಕಾಲ ಸುಗ್ಗಿ. ಬೇಸಿಗೆಯಲ್ಲಿ ನಮ್ಮ ಕಡೆ ಊರೂರಲ್ಲಿ ಸುಗ್ಗಿ ಹಬ್ಬ ನಡೆಯುತ್ತದೆ. ‘ಸುಗ್ಗಿ ಸಾರು’ ಹಾಕಿದ ಮೇಲೆ, ಅಂದರೆ ಹಬ್ಬವನ್ನು ಊರಿಗೆ ಸಾರಿ ಹೇಳಿದ ಮೇಲೆ, ಊರಿಗೆಲ್ಲ ಕಟ್ಟುಪಾಡು. ಒಂದು ಊರಲ್ಲಿ ಒಗ್ಗರಣೆ ಹಾಕುವಂತಿಲ್ಲ, ಇನ್ನೊಂದು ಊರಲ್ಲಿ ಹಸಿ ಮರಕ್ಕೆ ಕತ್ತಿ ತಾಗಿಸುವಂತಿಲ್ಲ. ನೆಂಟರಿಗೂ ಅದೇ ಕಟ್ಟು. ಆ ದಿನಗಳಲ್ಲಿ ಹೋಗುವುದಾದರೆ ಏನು ಮಾಡಬಾರದು ಎಂದು ಮೊದಲೇ ಕೇಳಿಕೊಳ್ಳಿ, ಸಪ್ಪೆ ಊಟ ಕೊಟ್ಟರೆ ಸಂತೋಷದಿಂದ ಉಣ್ಣಿ.

ಊರು ಹುಡುಕುವುದು, ಫೋನ್ ಮಾಡುವುದು

ಪ್ರವಾಸಿ ತಾಣದ ಪಟ್ಟಿ ನೋಡಿ ಊರು ಆರಿಸಬೇಡಿ. ಸಕಲೇಶಪುರ ತಾಲ್ಲೂಕಿನಲ್ಲಿ ಹಾನುಬಾಳು, ಹೆತ್ತೂರು, ಯಸಳೂರು ಸುತ್ತ, ಮೂಡಿಗೆರೆ ತಾಲ್ಲೂಕಿನಲ್ಲಿ ಗೋಣಿಬೀಡು, ಬಣಕಲ್ ಸುತ್ತ, ಹಾಗೇ ಚಿಕ್ಕಮಗಳೂರಿನ ಆಚೆ ಗಿರಿಯ ತಪ್ಪಲಿನಲ್ಲಿ ತೋಟದ ಮನೆಯವರೇ ನಡೆಸುವ ಹೋಂಸ್ಟೇಗಳಿವೆ. ಫೋನಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: “ನೀವು ಅಲ್ಲೇ ಇರ್ತೀರಾ?” ಮನೆಯವರು ಅಲ್ಲೇ ವಾಸವಿದ್ದು ಅವರೇ ಅಡುಗೆ ಮಾಡಿ ಬಡಿಸುವ ಮನೆ ಬೇರೆ, ದೂರದ ಮಾಲೀಕರು ಕೆಲಸದವರ ಕೈಗೆ ಬಿಟ್ಟ ಕಟ್ಟಡ ಬೇರೆ. ಹಳ್ಳಿ ನೋಡಲು ಹೋಗುವವರಿಗೆ ಮೊದಲನೆಯದೇ ಬೇಕು. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದು ಕೇಳಿ. ತಲೆಗೆ ಎಷ್ಟು, ಅದರಲ್ಲಿ ಎಷ್ಟು ಊಟ, ಮಕ್ಕಳಿಗೆ ಹೇಗೆ, ಕೊನೆಯ ಎರಡು ಮೂರು ಕಿಲೋಮೀಟರ್‌ಗೆ ಸಣ್ಣ ಕಾರು ಹೋಗುತ್ತದೆಯೇ, ಇವಿಷ್ಟನ್ನೂ ಮುಂಚೆಯೇ ತೀರ್ಮಾನ ಮಾಡಿಕೊಂಡರೆ ಆಮೇಲೆ ಮುಜುಗರ ಇರುವುದಿಲ್ಲ.

ಮಾಂಸ ತಿನ್ನುತ್ತೀರೋ ಇಲ್ಲವೋ, ಹಂದಿ ಆಗುತ್ತದೋ ಇಲ್ಲವೋ ಆಗಲೇ ಹೇಳಿಬಿಡಿ. ಹಳ್ಳಿಯಲ್ಲಿ ಹೋಟೆಲಿನ ಹಾಗೆ ಕೂತ ಮೇಲೆ ಆರಿಸುವುದಕ್ಕೆ ಆಗುವುದಿಲ್ಲ. ನಮ್ಮತ್ತಿಗೆ ಹಿಂದಿನ ದಿನವೇ ಅಕ್ಕಿ ನೆನೆ ಹಾಕುತ್ತಾರೆ, ಕೋಳಿ ಹೇಳಿಟ್ಟಿರುತ್ತಾರೆ. ಎಂಟು ಜನ ಬರುತ್ತೇವೆ ಎಂದು ಹೇಳಿ ಐದು ಜನ ಬಂದರೆ ಮೂರು ಜನರ ಊಟ ಉಳಿಯುತ್ತದೆ. ಎಷ್ಟು ಜನ ಎಂದು ಹೊರಡುವ ಬೆಳಗ್ಗೆ ಇನ್ನೊಮ್ಮೆ ತಿಳಿಸಿ.

ದಾರಿ

ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿಲೋಮೀಟರ್, ಹಾಸನದಿಂದ 40. ರಾಷ್ಟ್ರೀಯ ಹೆದ್ದಾರಿ 75ರಲ್ಲೇ ಬರುತ್ತದೆ. ಬಸ್ಸು ಬೇಕಾದಷ್ಟಿವೆ, ಮಂಗಳೂರು ಕಡೆಯ ರೈಲುಗಳೂ ಇವೆ. ಕಷ್ಟ ಇರುವುದು ಪೇಟೆಯಿಂದ ಹಳ್ಳಿಗೆ. ಒಳಗಿನ ಊರುಗಳಿಗೆ ದಿನಕ್ಕೆ ಎರಡೋ ಮೂರೋ ಬಸ್ಸು, ಅದರಲ್ಲಿ ಒಂದು ನೈಟ್ ಹಾಲ್ಟ್. ಸಂಜೆ ಬಂದು ಊರಲ್ಲೇ ಮಲಗಿ ಬೆಳಗ್ಗೆ ಹೊರಡುವ ಬಸ್ಸು ಅದು. ಸಾಧ್ಯವಾದರೆ ಒಂದು ಸಲ ಆ ಬಸ್ಸಿನಲ್ಲೇ ಹೋಗಿ. ಶಾಲೆಯಿಂದ ಮರಳುವ ಮಕ್ಕಳು, ಸಂತೆ ಚೀಲ, ಔಷಧ ಅಂಗಡಿಯಿಂದ ಯಾರಿಗೋ ತಂದ ಮಾತ್ರೆ, ಪಂಪ್‌ಸೆಟ್ಟಿನ ಬಿಡಿಭಾಗ ಎಲ್ಲವೂ ಅದರಲ್ಲೇ ಬರುತ್ತವೆ. ಮುಕ್ಕಾಲು ಗಂಟೆಯಲ್ಲಿ ಊರಿನ ಅರ್ಧ ಜನ ಪರಿಚಯ ಆಗಿರುತ್ತಾರೆ, ಇಳಿಯುವ ಹೊತ್ತಿಗೆ ನೀವು ಯಾರ ಮನೆಗೆ ಹೊರಟವರು ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ.

ಕಾರಿನಲ್ಲಿ ಬರುವವರು ಕತ್ತಲಾಗುವ ಮುಂಚೆ ಮನೆ ಸೇರುವ ಹಾಗೆ ಲೆಕ್ಕ ಹಾಕಿ. ಮ್ಯಾಪ್ ತೋರಿಸುವ ಒಳದಾರಿ ಎಷ್ಟೋ ಸಲ ಯಾರದೋ ತೋಟದ ಜೀಪ್ ರಸ್ತೆಯಾಗಿರುತ್ತದೆ. ಕೊನೆಯ ಕ್ರಾಸಿನಲ್ಲಿ ಮನೆಯವರಿಗೆ ಫೋನ್ ಮಾಡಿ ಅವರು ಹೇಳಿದ ದಾರಿ ಹಿಡಿಯಿರಿ. ಕಾರು ಎಲ್ಲಿ ನಿಲ್ಲಿಸಬೇಕು ಎಂದೂ ಕೇಳಿ. ನಾನೇ ಒಮ್ಮೆ ಜನವರಿಯಲ್ಲಿ ಸ್ನೇಹಿತರ ಎರಡು ಕಾರುಗಳನ್ನು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಮನೆಯ ತಿರುವಿನಲ್ಲಿ ನಿಲ್ಲಿಸಿ ಹೊಳೆಗೆ ಇಳಿದಿದ್ದೆ. ಮರಳಿ ಬಂದಾಗ ಹಣ್ಣು ತುಂಬಿದ ಟ್ರ್ಯಾಕ್ಟರ್ ದಾರಿ ಸಿಗದೆ ಒಂದು ಗಂಟೆ ಹೊತ್ತಿನಿಂದ ಅಲ್ಲೇ ನಿಂತಿತ್ತು. ತೂಕ ಆಗದೆ ಕೂಲಿ ಲೆಕ್ಕ ಆಗುವುದಿಲ್ಲ, ಲೆಕ್ಕ ಆಗದೆ ಯಾರೂ ಮನೆಗೆ ಹೋಗುವಂತಿಲ್ಲ. ಬೆಳಗ್ಗೆಯಿಂದ ಹಣ್ಣು ಕುಯ್ದ ಹೆಂಗಸರು ಕತ್ತಲಲ್ಲಿ ಚೀಲದ ಮೇಲೆ ಕೂತಿದ್ದರು. ಒಬ್ಬರೂ ಒಂದು ಮಾತು ಆಡಲಿಲ್ಲ. ಅವತ್ತಿನಿಂದ ಯಾರೇ ಬರಲಿ, ಕಾರಿನ ಜಾಗ ಮೊದಲು ತೋರಿಸುತ್ತೇನೆ.

ಚೀಲದಲ್ಲಿ ಏನಿರಬೇಕು

ಹಿಡಿತ ಇರುವ ಹಳೇ ಶೂ, ಕಾಲು ಮುಚ್ಚುವ ಪ್ಯಾಂಟು, ಟಾರ್ಚ್, ಸ್ವೆಟರ್, ನೀವು ದಿನಾ ನುಂಗುವ ಮಾತ್ರೆ, ಸ್ವಲ್ಪ ನಗದು. ಮಳೆಗಾಲದಲ್ಲಿ ಇಂಬಳಕ್ಕೆ, ಅಂದರೆ ಜಿಗಣೆಗೆ, ಒಂದು ಪೊಟ್ಟಣ ಉಪ್ಪು. ಇಂಬಳ ಕಚ್ಚಿದರೆ ಗಾಬರಿ ಬೇಡ, ಕಿತ್ತು ಎಳೆಯಲೂಬೇಡಿ. ಉಪ್ಪು ಸವರಿದರೆ ತಾನೇ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ತೊಳೆದು ಒತ್ತಿ ಹಿಡಿಯಿರಿ.

ಬೇಸಿಗೆಯಲ್ಲಿ ಎಚ್ಚರಿಕೆ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯ ಕೆಲವು ತಾಲ್ಲೂಕುಗಳಲ್ಲೂ ಕಾಣಿಸಿಕೊಳ್ಳುತ್ತದೆ. ಉಣ್ಣೆ ಹುಳ (ಉಣುಗು) ಕಚ್ಚಿದರೆ ಬರುವ ಕಾಯಿಲೆ ಅದು. ಡಿಸೆಂಬರ್‌ನಿಂದ ಮೇವರೆಗೆ ಕಾಡಂಚಿನಲ್ಲಿ ಒಣ ಎಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆ ಮನೆಯವರ ಹತ್ತಿರ ಇದ್ದರೆ ಕೈಕಾಲಿಗೆ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ತಿಳಿಸಿ. ಊರಿಂದ ಮರಳಿದ ಎರಡು ವಾರದೊಳಗೆ ಜೋರು ಜ್ವರ ಬಂದರೆ ಇಂಥ ಕಡೆ ಹೋಗಿದ್ದೆ ಎಂದು ವೈದ್ಯರಿಗೆ ಮರೆಯದೆ ಹೇಳಿ.

ಮದ್ಯದ ಬಾಟಲಿ ತರಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಹೊಳೆಯ ದಂಡೆಯಲ್ಲಿ, ತೋಟದ ಬದುವಿನಲ್ಲಿ ಒಡೆದ ಗಾಜು ಬರಿಗಾಲಲ್ಲಿ ಗದ್ದೆಗೆ ಇಳಿಯುವವರ ಕಾಲಿಗೆ ನಾಟುತ್ತದೆ, ನೀರು ಕುಡಿಯಲು ಬರುವ ದನದ ಗೊರಸಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಹೊಳೆಯಿಂದ ಅಣ್ಣ ಪ್ರತಿ ಬೇಸಿಗೆಯಲ್ಲೂ ಗೋಣಿಚೀಲ ತುಂಬ ಗಾಜು ಆಯುತ್ತಾನೆ.

ಊರೊಳಗೆ

ಊರ ದಾರಿಯಲ್ಲಿ ಎರಡು ಕಂಬದ ನಡುವೆ ಅಡ್ಡ ಗಳ ತೂರಿಸಿದ ಬಾಗಿಲು ಸಿಗುತ್ತದೆ. ಅದು ಉಣಗೋಲು. ತೆಗೆದು ಒಳಗೆ ಹೋದ ಮೇಲೆ ಗಳಗಳನ್ನು ಇದ್ದ ಹಾಗೆಯೇ ತೂರಿಸಿ ಮುಂದೆ ಹೋಗಿ. ಒಂದೇ ಒಂದು ಗಳ ಬಿಟ್ಟರೂ ದನ ನುಗ್ಗಿ ಒಂದು ರಾತ್ರಿಗೆ ಸಸಿಮಡಿ ಮೇಯ್ದುಬಿಡುತ್ತದೆ. ತೊರೆಗೆ ಅಡಿಕೆ ಮರ ಹಾಸಿದ ಸಂಕ ದಾಟುವಾಗ ಒಬ್ಬೊಬ್ಬರೇ ದಾಟಿ.

ಯಾರ ಮನೆ ಮುಂದೆ ಹೋದರೂ “ಬನ್ನಿ, ಬನ್ನಿ” ಅನ್ನುತ್ತಾರೆ. ಒಂದು ಲೋಟ ನೀರು, ಒಂದು ಚೂರು ಬೆಲ್ಲ, ಆಮೇಲೆ ಕಾಫಿ. ಬೇಡ ಅನ್ನಬೇಡಿ, ಅರ್ಧ ಲೋಟವಾದರೂ ಕುಡಿಯಿರಿ. ವಯಸ್ಸಾದವರನ್ನು ಅಮ್ಮ, ಅಜ್ಜಿ ಅನ್ನಿ, ನಿಮ್ಮ ವಾರಗೆಯವರನ್ನು ಅಣ್ಣ, ಅಕ್ಕ ಅನ್ನಿ. ಲೈನ್ ಮನೆಗಳಲ್ಲಿ ಇರುವ ತೋಟದ ಕೆಲಸಗಾರರನ್ನೂ ಹಾಗೆಯೇ ಮಾತಾಡಿಸಿ. ಅವರಲ್ಲಿ ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ, ಬಯಲುಸೀಮೆಯಿಂದ ಬಂದವರೂ ಇದ್ದಾರೆ. ಲೈನ್ ಮನೆ ಅವರ ಮನೆ. ಬಾಗಿಲಲ್ಲಿ ನಿಂತು ಒಳಗಿನ ಫೋಟೊ ತೆಗೆಯುವುದು, ಮಕ್ಕಳಿಗೆ ಚಾಕೊಲೇಟ್ ಎಸೆದು ವಿಡಿಯೊ ಮಾಡುವುದು ಬೇಡವೇ ಬೇಡ.

ಕಾಡಿನ ಅಂಚಿನಲ್ಲಿ ಒಂದಷ್ಟು ಮರ ಕಡಿಯದೆ ದಟ್ಟವಾಗಿ ಬಿಟ್ಟ ಜಾಗ ಕಂಡರೆ ದೇವರ ಬನ ಇರಬಹುದು. ಚಪ್ಪಲಿ ಬಿಟ್ಟು, ಊರವರೊಬ್ಬರನ್ನು ಕರೆದುಕೊಂಡೇ ಹೋಗಿ. ಎಲೆ, ಕಾಯಿ, ಕಲ್ಲು ಏನನ್ನೂ ತರಬೇಡಿ.

ತೋಟ ಮತ್ತು ಕಣ

ತೋಟಕ್ಕೆ ತೋಟದವರ ಜೊತೆಗೇ ಇಳಿಯಿರಿ. ಬೆಳಗ್ಗೆ ಒಂಬತ್ತರ ಸುಮಾರಿಗೆ ಕೆಲಸ ಹಚ್ಚಿ ಅವರು ಸ್ವಲ್ಪ ಬಿಡುವಾಗಿರುತ್ತಾರೆ. ನೆರಳಿನ ಮರದಿಂದ ಮಾತು ಶುರು ಮಾಡಿ. “ಈ ಮರ ಯಾಕೆ ಬಿಟ್ಟಿದ್ದೀರಿ?” ಎಂದು ಕೇಳಿದರೆ ಹಲಸು, ಅತ್ತಿ, ಹಾಲುವಾಣ, ಬೀಟೆ ಒಂದೊಂದಕ್ಕೂ ಒಂದೊಂದು ಕಾರಣ ಬರುತ್ತದೆ: ಯಾವುದರ ಎಲೆ ಬೇಗ ಗೊಬ್ಬರವಾಗುತ್ತದೆ, ಯಾವುದು ಬೇಸಿಗೆಯಲ್ಲಿ ನೆರಳು ಕೊಡುತ್ತದೆ, ಯಾವುದಕ್ಕೆ ಮೆಣಸಿನ ಬಳ್ಳಿ ಚೆನ್ನಾಗಿ ಹತ್ತುತ್ತದೆ. ಬಳಿಕ ಕಾಫಿಯ ತಳಿ ಕೇಳಿ. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಎಸ್.795, ಚಂದ್ರಗಿರಿ, ರೊಬಸ್ಟಾದಲ್ಲಿ ಸಿಎಕ್ಸ್‌ಆರ್, ಇವೆಲ್ಲ ಒಂದೇ ತೋಟದಲ್ಲಿ ಇರಬಹುದು. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದೆ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟ ಕಥೆಯನ್ನು ಒಂದೊಂದು ಮನೆಯವರೂ ತಮ್ಮದೇ ರೀತಿಯಲ್ಲಿ ಹೇಳುತ್ತಾರೆ, ಕೇಳಿ.

ಎರಡು ವಿಷಯ ಗಟ್ಟಿಯಾಗಿ ನೆನಪಿಡಿ. ಫೋಟೊಗಾಗಿ ರೆಂಬೆ ಬಗ್ಗಿಸಬೇಡಿ. ಕಾಫಿ ಬಿಡುವುದು ಹಿಂದಿನ ವರ್ಷ ಬೆಳೆದ ಅಡ್ಡರೆಂಬೆಯ ಗಣ್ಣುಗಳಲ್ಲಿ, ರೆಂಬೆ ಸಿಗಿದರೆ ಅಲ್ಲಿನ ಫಸಲು ಹೋಯಿತು. ಇನ್ನೊಂದು, ಒಂದು ತೋಟದಲ್ಲಿ ಆಯ್ದ ಹಣ್ಣನ್ನು ಜೇಬಿನಲ್ಲಿಟ್ಟುಕೊಂಡು ಮತ್ತೊಂದು ತೋಟಕ್ಕೆ ಹೋಗಬೇಡಿ. ಕಾಯಿಕೊರಕ ಹುಳ ಹಣ್ಣಿನೊಳಗೇ ಕೂತು ಪ್ರಯಾಣ ಮಾಡುತ್ತದೆ. ಸೂಜಿ ಚುಚ್ಚಿದಷ್ಟು ಸಣ್ಣ ತೂತು, ಒಳಗೆ ಪುಡಿಯಾದ ಬೀಜ. ಮನೆಯವರು ಕೊಟ್ಟ ಒಂದು ಹಣ್ಣನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ನೋಡಿ. ಸಿಪ್ಪೆಯ ಒಳಗೆ ಲೋಳೆ ಲೋಳೆಯಾದ ಸಿಹಿ, ನಡುವೆ ಬೆನ್ನು ಹೊರಗೆ ಮಾಡಿ ಅಂಟಿಕೊಂಡ ಎರಡು ಬೀಜ.

ಕುಯ್ಲಿನ ಕಾಲದಲ್ಲಿ ಸಂಜೆ ತೂಕದ ಹೊತ್ತಿಗೆ ಪಲ್ಪರ್ ಹತ್ತಿರ ದೂರಕ್ಕೆ ನಿಂತುಕೊಳ್ಳಿ. ತೋಟದ ಲೆಕ್ಕ ಬರೆಯುವ ರೈಟರು ಹೆಸರು ಕರೆದು ಕೆ.ಜಿ. ಬರೆದುಕೊಳ್ಳುತ್ತಾರೆ. ಅರೇಬಿಕಾ ಹಣ್ಣು ಅವತ್ತೇ ಪಲ್ಪರ್‌ಗೆ ಬೀಳಬೇಕು, ಇಟ್ಟರೆ ಹುಳಿ ಬರುತ್ತದೆ. ಸಿಪ್ಪೆ ಬಿಟ್ಟ ಬೀಜವನ್ನು ತೊಟ್ಟಿಯಲ್ಲಿಟ್ಟು, ಲೋಳೆ ಬಿಟ್ಟ ಮೇಲೆ ತೊಳೆದು ಕಣಕ್ಕೆ ಹರಡಿದರೆ ಅದು ಪಾರ್ಚ್‌ಮೆಂಟು. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಚೆರಿ. ಸುಮಾರು ಆರು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಬೀಜ ಸಿಗುತ್ತದೆ.

ಕಣದ ಮೇಲೆ ಚಪ್ಪಲಿ ಕಾಲಲ್ಲಿ ನಡೆಯಬಾರದು. ಬರಿಗಾಲಲ್ಲಿ ನಡೆಯುವುದಕ್ಕೂ ಕೇಳಿ. ಎರಡು ವರ್ಷದ ಹಿಂದೆ ಜನವರಿಯ ಒಂದು ಮಧ್ಯಾಹ್ನ ಬೆಂಗಳೂರಿನ ಒಂದು ಕುಟುಂಬ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿತ್ತು. ಬಿಸಿಲು ಚುರುಗುಟ್ಟುತ್ತಿತ್ತು. ಇದ್ದಕ್ಕಿದ್ದ ಹಾಗೆ ಪಡುವಣ ಮೂಲೆ ಕಪ್ಪಾಯಿತು. ಅಣ್ಣ ಕೈ ತೊಳೆಯದೆ ಎದ್ದ. “ಏ, ಕಣ ಕಣ!” ಎಂದು ಅತ್ತಿಗೆ ಕೂಗಿದ್ದೇ ತಡ, ಲೈನಿನಿಂದಲೂ ಜನ ಓಡಿಬಂದರು. ಏಳು ದಿನ ಒಣಗಿದ ಪಾರ್ಚ್‌ಮೆಂಟು, ಕೈಯಾಡಿಸಿದರೆ ಗಲಗಲ ಅನ್ನುವಷ್ಟು ಒಣಗಿತ್ತು. ಒಮ್ಮೆ ನೆಂದರೆ ಬಣ್ಣ ಹೋಗುತ್ತದೆ, ವಾಸನೆ ಬರುತ್ತದೆ, ರೇಟು ಬೀಳುತ್ತದೆ. ಬಂದಿದ್ದ ದಂಪತಿ ತಟ್ಟೆ ಬಿಟ್ಟು ಎದ್ದು ಟಾರ್ಪಾಲಿನ ಒಂದು ತುದಿ ಹಿಡಿದರು, ಅವರ ಹತ್ತು ವರ್ಷದ ಹುಡುಗಿ ಕಾಲುವೆಗೆ ಉರುಳಿದ ಬೀಜ ಆಯ್ದು ಲಂಗದಲ್ಲಿ ತುಂಬಿಕೊಂಡಳು. ರಾಶಿ ಮುಚ್ಚಿ ಕಲ್ಲು ಹೇರುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಈಗಲೂ ಜನವರಿಯಲ್ಲಿ ಮೋಡ ಆದರೆ ಆ ಹುಡುಗಿ ಅಲ್ಲಿಂದ ಫೋನ್ ಮಾಡುತ್ತಾಳೆ, “ಮಾವ, ಕಣ ಮುಚ್ಚಿದ್ರಾ?”

ಆನೆ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ತೋಟದೊಳಗೇ ಇರುತ್ತದೆ. ಹಲಸು ಹಣ್ಣಾಗುವಾಗ, ಭತ್ತ ತೆನೆಗಟ್ಟಿದಾಗ ಹೆಚ್ಚು. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ವಾಟ್ಸ್‌ಆ್ಯಪ್, ಎಸ್‌ಎಂಎಸ್‌ನಲ್ಲಿ ತಿಳಿಸುತ್ತಾರೆ, ಬೆಳಗ್ಗೆ ಎದ್ದವರು ಹಾಲು ಕರೆಯುವ ಮುಂಚೆ ಅದನ್ನು ನೋಡುತ್ತಾರೆ. ಮನೆಯವರು “ಇವತ್ತು ಆ ಕಡೆ ಬೇಡ” ಅಂದರೆ ಮರುಮಾತು ಬೇಡ. ಬೆಳಗ್ಗೆ ಏಳಕ್ಕೆ ಮುಂಚೆ, ಸಂಜೆ ಐದೂವರೆ ಮೇಲೆ ತೋಟಕ್ಕಾಗಲಿ ಒಳದಾರಿಗಾಗಲಿ ಇಳಿಯಬೇಡಿ, ಒಬ್ಬರೇ ವಾಕಿಂಗ್ ಹೊರಡಬೇಡಿ. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನಡೆಯುವುದಂತೂ ಪ್ರಾಣಕ್ಕೇ ಅಪಾಯ. ಗಿಡ ಮುರಿಯುವ ಸದ್ದು, ಹಸಿ ಲದ್ದಿ, ನಾಯಿ ವಿಚಿತ್ರವಾಗಿ ಬೊಗಳುವುದು, ಇದರಲ್ಲಿ ಒಂದು ಕಂಡರೂ ಬಂದ ದಾರಿಯಲ್ಲೇ ಮರಳಿ. ರಸ್ತೆಯಲ್ಲಿ ಎದುರಾದರೆ ಹಾರ್ನ್ ಮಾಡದೆ, ಕೆಳಗಿಳಿಯದೆ, ದೂರಕ್ಕೆ ಹಿಂದೆ ಸರಿದು ಕಾಯಿರಿ.

ಕಾಡಾನೆಯ ವಿಡಿಯೊಗಾಗಿ ಹುಡುಕಿಕೊಂಡು ಹೋಗುವವರಿಗೆ ಒಂದು ಮಾತು. 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಾಕಾನೆ ಅರ್ಜುನ ಸತ್ತ. ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ, ಪಳಗಿದ, ಮಾವುತರಿದ್ದ ಆನೆ ಅದು. ಕಾಡಾನೆಯ ಎದುರು ಅಂಥ ಅರ್ಜುನನೇ ಉಳಿಯಲಿಲ್ಲ. ನಮ್ಮ ಕಡೆ ಆನೆಯಿಂದ ಮನೆಯವರನ್ನು ಕಳೆದುಕೊಂಡ ಕುಟುಂಬಗಳಿವೆ. ಅವರ ಮುಂದೆ “ಆನೆ ನೋಡೋಕೆ ಸಿಗುತ್ತಾ?” ಎಂದು ಕೇಳಬೇಡಿ.

ಹಾವು ಕಚ್ಚಿದರೆ, ಬಿದ್ದು ಪೆಟ್ಟಾದರೆ ಸಕಲೇಶಪುರದಲ್ಲಿ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆ ಇದೆ. ಮನೆಮದ್ದಿಗೆ ಹೊತ್ತು ಕಳೆಯದೆ ಮೊದಲು ವಾಹನ ಹತ್ತಿ.

ಊಟ

ಬೆಳಗ್ಗೆ ಅಕ್ಕಿರೊಟ್ಟಿ, ಕಾಯಿಚಟ್ನಿ ಅಥವಾ ಎಣ್ಣೆಗಾಯಿ. ಮಳೆಗಾಲಕ್ಕೆ ಕಡುಬು, ಕಳಲೆ ಪಲ್ಯ, ಕೆಸುವಿನ ಸೊಪ್ಪು, ಅಣಬೆ ಸಾರು, ಗದ್ದೆ ಏಡಿ. ಮಾಂಸದವರಿಗೆ ನಾಟಿಕೋಳಿ ಸಾರು, ಹಂದಿ. ಜೀರಿಗೆ ಮೆಣಸಿನ ಖಾರಕ್ಕೆ ಎಚ್ಚರ, ನೋಡಲು ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಒಂದು ಕಾಯಿ ಇಡೀ ಚಟ್ನಿಗೆ ಸಾಕು. ಒಲೆಯ ಹತ್ತಿರ ಕೂರಲು ಬಿಟ್ಟರೆ ಕೂತು ರೊಟ್ಟಿ ತಟ್ಟುವುದನ್ನು ನೋಡಿ. ನಮ್ಮತ್ತಿಗೆ ಬೇಯಿಸಿದ ಹಿಟ್ಟನ್ನು ಬಿಸಿಬಿಸಿಯಲ್ಲೇ ನಾದಿ, ತಟ್ಟಿ, ಹಂಚಿನ ಮೇಲೆ ಸ್ವಲ್ಪ ಬೆಂದ ಮೇಲೆ ಕೆಂಡದ ಪಕ್ಕಕ್ಕೆ ನಿಲ್ಲಿಸುತ್ತಾರೆ. ಅಲ್ಲಿ ಅದು ಚೆಂಡಿನ ಹಾಗೆ ಉಬ್ಬುತ್ತದೆ.

ಕಾಫಿ ಬೆಲ್ಲದ್ದು, ತೆಳ್ಳಗೆ, ದೊಡ್ಡ ಲೋಟದಲ್ಲಿ. ಪೇಟೆಯ ಫಿಲ್ಟರ್ ಕಾಫಿಯ ಗಟ್ಟಿತನ ಇಲ್ಲಿ ಹುಡುಕಬೇಡಿ. ದೇಶದ ಕಾಫಿಯ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. ಬೆಳೆದ ಮನೆಯಲ್ಲಿ ಎಷ್ಟೋ ಸಲ ಕಣ ಗುಡಿಸಿದಾಗ ಉಳಿದ ಕಾಫಿಯನ್ನೇ ಹುರಿದು ಪುಡಿ ಮಾಡಿಕೊಂಡಿರುತ್ತಾರೆ.

ಸುತ್ತಮುತ್ತ

ಒಂದು ಅರ್ಧ ದಿನ ಸಾಕು. ಸಕಲೇಶಪುರದ ಹತ್ತಿರ ದೋಣಿಗಾಲಿನ ಮೇಲೆ ಟಿಪ್ಪು 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ. ಮೂಡಿಗೆರೆ ಕಡೆಯಾದರೆ ಹೊಯ್ಸಳರ ಮೂಲಸ್ಥಾನ ಸೊಸೆವೂರು, ಈಗಿನ ಅಂಗಡಿ ಗ್ರಾಮ. ವಾಸಂತಿಕಾ ದೇವಿಯ ಗುಡಿ, ಹಳೇ ಬಸದಿಗಳು ತೋಟಗಳ ನಡುವೆ ಸದ್ದಿಲ್ಲದೆ ನಿಂತಿವೆ. ಹೇಮಾವತಿ ಹುಟ್ಟುವ ಜಾವಳಿಯೂ ಅದೇ ತಾಲ್ಲೂಕಿನಲ್ಲಿದೆ. ಸಕಲೇಶಪುರ, ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ರೈಲು ಹಳಿಯ ಮೇಲೆ ನಡೆಯುವುದು ಕಾನೂನಿಗೆ ವಿರುದ್ಧ, ಜೀವಕ್ಕೂ ಅಪಾಯ. ಆ ಸೇತುವೆ, ಸುರಂಗಗಳನ್ನು ರೈಲಿನ ಕಿಟಕಿಯಿಂದ ನೋಡಿ.

ಹೊರಡುವಾಗ

ಕಾಫಿಪುಡಿ, ಮೆಣಸು, ಏಲಕ್ಕಿ, ಜೇನು ಮನೆಯವರಲ್ಲಿ ಇದ್ದರೆ ಅವರಿಂದಲೇ ಕೊಳ್ಳಿ. ಹೇಳಿದ ಬೆಲೆ ಕೊಡಿ. ಒಂಟಿ ಬಿದಿರಿನ ಏಣಿ ಮೇಲೆ ಮೂವತ್ತು ಅಡಿ ಎತ್ತರದಲ್ಲಿ ನಿಂತು ಮೆಣಸು ಕುಯ್ಯುವವರನ್ನು ನೋಡಿ ಬಂದ ಮೇಲೆ ಚೌಕಾಸಿಗೆ ಮನಸ್ಸು ಬರುವುದಿಲ್ಲ. ಪುಡಿಯನ್ನು ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ, ಡಬ್ಬದ ಮುಚ್ಚಳ ಬಿಗಿಯಾಗಿರಲಿ. ನಿಮ್ಮ ಕಸ, ಮಕ್ಕಳ ಡೈಪರ್, ಬಿಸ್ಕತ್ತಿನ ಕವರ್ ಎಲ್ಲ ವಾಪಸು ಕಾರಿಗೆ ಹಾಕಿಕೊಳ್ಳಿ. ಹಳ್ಳಿಗೆ ಕಸದ ಗಾಡಿ ದಿನಾ ಬರುವುದಿಲ್ಲ.

ಕಳಿಸುತ್ತೇನೆ ಎಂದು ಹೇಳಿ ತೆಗೆದ ಫೋಟೊಗಳನ್ನು ಕಳಿಸಿ. ಫೋನಿಗೆ ಬೇಡ, ಪ್ರಿಂಟ್ ಹಾಕಿಸಿ ಅಂಚೆಗೆ ಹಾಕಿ. ನಮ್ಮ ಲೈನಿನ ಒಂದು ಮನೆಯಲ್ಲಿ, ಬಾಗಿಲ ಪಕ್ಕದ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದ ಒಂದು ಫೋಟೊ ಇದೆ. ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಕುಯ್ಯುತ್ತಾ ಆ ಮನೆಯ ಅಕ್ಕ ಪಕ್ಕದವಳ ಮಾತಿಗೆ ನಗುತ್ತಿದ್ದಾರೆ. ಮೈಸೂರಿನಿಂದ ಬಂದಿದ್ದ ಹುಡುಗನೊಬ್ಬ ಕಳಿಸಿದ್ದು. ಹೋದವರಿಗೆಲ್ಲ ಅವರು ಅದನ್ನು ತೋರಿಸುತ್ತಾರೆ.